ಹೊಸ ಫ್ಯೂಸ್ ಹಾಕುವ ಮೊದಲು, ಹಳೆಯದು ಯಾಕೆ ಹೋಯಿತು ನೋಡಿ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿಯ ನೆಂಟರೊಬ್ಬರ ಕಾರಿನ ವೈಪರ್ ನಿಂತುಹೋಯಿತು. ಬಾನೆಟ್ ಎತ್ತಿ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದೆ. ಸುಟ್ಟ ಫ್ಯೂಸಿನ ಕಾಲುಗಳಿಗೆ ಯಾರೋ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಕೂರಿಸಿದ್ದರು. ಸುತ್ತಲಿನ ಪ್ಲಾಸ್ಟಿಕ್ ಕರಗಿ ಕಂದಾಗಿತ್ತು, ಕೆಳಗಿನ ವೈರ್ ಮುಟ್ಟಿದರೆ ಪುಡಿಯಾಗುವಷ್ಟು ಸುಟ್ಟಿತ್ತು. ಕರೆಂಟ್ ಜಾಸ್ತಿಯಾದಾಗ ತಾನು ಕರಗಿ ವೈರ್ ಉಳಿಸಲಿಕ್ಕೇ ಫ್ಯೂಸ್ ಇರುವುದು ಅಲ್ವಾ?

ಮೊದಲು ಕಾರು ಆಫ್ ಮಾಡಿ, ಕೀ ತೆಗೆದು ಬಾಕ್ಸ್ ಹುಡುಕಿ. ಸಾಮಾನ್ಯವಾಗಿ ಒಂದು ಬ್ಯಾಟರಿ ಹತ್ತಿರ, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಗೆ ಇರುತ್ತದೆ. ಯಾವ ಫ್ಯೂಸ್ ಯಾವುದಕ್ಕೆ ಅಂತ ಮುಚ್ಚಳದ ಒಳಗೆ ಅಥವಾ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ.

ಬಣ್ಣ ನೋಡಿದರೆ ಆಂಪಿಯರ್, ಅಂದರೆ ಫ್ಯೂಸ್ ಎಷ್ಟು ಕರೆಂಟ್ ತಡೆಯುತ್ತದೆ ಅಂತ, ಗೊತ್ತಾಗುತ್ತದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ತಲೆಯ ಮೇಲೂ ಅಂಕಿ ಇರುತ್ತದೆ.

ಜನ ಎಡವುವುದು ಇಲ್ಲಿಂದ ಮುಂದೆ. ಸುಮ್ನೆ ಒಂದೊಂದನ್ನೇ ಕಿತ್ತು ಬೆಳಕಿಗೆ ಹಿಡಿದು ನೋಡುತ್ತಾರೆ, ಆಮೇಲೆ ಯಾವುದು ಎಲ್ಲಿತ್ತು ಅಂತ ಮರೆಯುತ್ತಾರೆ. ಕೀಳುವ ಅಗತ್ಯವೇ ಇಲ್ಲ. ಬ್ಲೇಡ್ ಫ್ಯೂಸಿನ (ಎರಡು ಚಪ್ಪಟೆ ಕಾಲಿನ ಈ ಬಣ್ಣದ ಫ್ಯೂಸ್) ತಲೆಯಲ್ಲಿ ಎರಡು ಸಣ್ಣ ಲೋಹದ ಚುಕ್ಕಿಗಳು ಕಾಣುತ್ತವೆ. ಈಗ ಕೀ ಆನ್ ಮಾಡಿ, ಕೆಟ್ಟ ಸಾಮಾನಿನ ಸ್ವಿಚ್ಚನ್ನೂ ಹಾಕಿ. ಮಲ್ಟಿಮೀಟರನ್ನು (ವೋಲ್ಟೇಜ್ ಅಳೆಯುವ ಮೀಟರ್) ಡಿಸಿ ವೋಲ್ಟೇಜಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಾಡಿಯ ಬೋಲ್ಟಿಗೆ ಹಿಡಿದು, ಕೆಂಪನ್ನು ಎರಡೂ ಚುಕ್ಕಿಗೆ ಒಂದಾದ ಮೇಲೊಂದು ಮುಟ್ಟಿಸಿ. ಎರಡರಲ್ಲೂ 12 ವೋಲ್ಟ್ ಬಂದರೆ ಫ್ಯೂಸ್ ಸರಿ ಇದೆ. ಒಂದರಲ್ಲಿ ಮಾತ್ರ ಬಂದರೆ ಹೋಗಿದೆ. ಎರಡರಲ್ಲೂ ಬರಲಿಲ್ಲ ಅಂದರೆ ಅಲ್ಲಿಗೆ ಕರೆಂಟೇ ತಲುಪಿಲ್ಲ, ಹಿಂದಿನ ರಿಲೇ (ಅದೇನು ಅಂತ ಕೆಳಗೆ ಹೇಳಿದ್ದೇನೆ) ಅಥವಾ ಸ್ವಿಚ್ ನೋಡಬೇಕು. ಏರ್‌ಬ್ಯಾಗ್ ಫ್ಯೂಸಿನ ತಂಟೆಗೆ ಮಾತ್ರ ಹೋಗಬೇಡಿ.

ಹೋದ ಫ್ಯೂಸ್ ಸಿಕ್ಕಿದ ಕೂಡಲೇ ಹೊಸದು ಹಾಕಬೇಡಿ. ಯಾಕೆ ಹೋಯಿತು ಅಂತ ನೋಡಿ. ನಮ್ಮ ಕಡೆ ಮುಖ್ಯವಾಗಿ ಎರಡು ಕಾರಣ: ಇಲಿ ಮತ್ತು ತೇವ. ಅಡಿಕೆ ಸಿಪ್ಪೆ, ಭತ್ತ ಇರುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿದರೆ ಇಲಿ ವೈರ್ ಕಡಿಯುತ್ತದೆ, ಬರಿಯ ತಾಮ್ರ ಬಾಡಿಗೆ ತಾಗಿ ಶಾರ್ಟ್ ಆಗುತ್ತದೆ. ಮೂರನೆಯದು ನಾವೇ ಮಾಡಿಕೊಳ್ಳುವುದು. ಮಾಮೂಲಿ ಹೆಡ್‌ಲೈಟ್ ಬಲ್ಬ್ 60 ವ್ಯಾಟ್, ಅಂದರೆ ಸುಮಾರು 5 ಆಂಪಿಯರ್. 100 ವ್ಯಾಟಿನದು ಹಾಕಿದರೆ 8 ದಾಟಿ, 10ರ ಕೆಂಪು ಫ್ಯೂಸಿನ ಮಿತಿಯ ಹತ್ತಿರ ಹೋಗುತ್ತದೆ. ಆಗ ಕೆಂಪು ಫ್ಯೂಸ್ ತೆಗೆದು ಹಸಿರು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಫ್ಯೂಸ್ ಉಳಿಯುತ್ತದೆ, ವೈರ್ ಉರಿಯುತ್ತದೆ. ಹಾಕಿದ ಹೊಸ ಫ್ಯೂಸೂ ಕೂಡಲೇ ಹೋದರೆ ಮೂರನೆಯದು ಹಾಕುವ ಬದಲು ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಬಣ್ಣಬಣ್ಣದ ನೂರು ಫ್ಯೂಸಿರುವ ಹೆಸರಿಲ್ಲದ ಅಗ್ಗದ ಡಬ್ಬಿಗಳನ್ನು ನಾನು ಮನೆಯೊಳಗೆ ಸೇರಿಸುವುದಿಲ್ಲ. ಅವುಗಳಲ್ಲಿ ಕೆಲವು ಕರಗಬೇಕಾದ ಹೊತ್ತಿಗೆ ಕರಗುವುದೇ ಇಲ್ಲ. ಒಳ್ಳೆ ಕಂಪನಿಯ ಹತ್ತು ಫ್ಯೂಸ್ ತಂದಿಟ್ಟುಕೊಳ್ಳಿ, ಸಾಕು.

ರಿಲೇ ಅಂದರೆ ಬೆಂಕಿಪೊಟ್ಟಣದಂಥ ಚೌಕದ ಡಬ್ಬಿ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ ಅದು. ಉದಾಹರಣೆಗೆ, ಹಾರ್ನಿನ ರಿಲೇ ಮೇಲೆ ಬೆರಳಿಟ್ಟುಕೊಂಡು ಇನ್ನೊಬ್ಬರಿಂದ ಹಾರ್ನ್ ಒತ್ತಿಸಿ. ಟಕ್ ಅಂತ ಬೆರಳಿಗೇ ತಿಳಿಯುತ್ತದೆ. ಟಕ್ ಅಂದ ಮಾತ್ರಕ್ಕೆ ರಿಲೇ ಸರಿ ಇದೆ ಅಂತ ಅಲ್ಲ, ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಅದೇ ನಂಬರಿನ ಇನ್ನೊಂದು ರಿಲೇ ಬಾಕ್ಸಿನಲ್ಲೇ ಇದ್ದರೆ ಅದಲುಬದಲು ಮಾಡಿ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಆಕಾರ ಒಂದೇ ಅಂತ ಬೇರೆ ನಂಬರಿನದು ಹಾಕಬೇಡಿ, ಕಾಲುಗಳ ಕೆಲಸ ಬೇರೆ ಇರಬಹುದು.

ಇನ್ನು ತೇವ. ಫ್ಯೂಸಿನ ಕಾಲಿಗೆ ಹಸಿರು ಪುಡಿ ಹತ್ತಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಪೂರ್ತಿ ಒಣಗಲು ಬಿಡಿ. ಉಪ್ಪುಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಮುಚ್ಚಳದ ರಬ್ಬರ್ ಹರಿದಿದ್ದರೆ ಬದಲಿಸಿ, ಲಾಕ್ ಕೂತಿತಾ ಅಂತ ಒತ್ತಿ ನೋಡಿ. ನಾನು ಇದನ್ನು ಮೇ ತಿಂಗಳಲ್ಲೇ ಮುಗಿಸುತ್ತೇನೆ. ಆಗುಂಬೆ ಘಾಟಿಯ ತಿರುವಿನಲ್ಲಿ, ಜುಲೈ ಮಳೆಯಲ್ಲಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಾಡುವ ಕೆಲಸ ಇದಲ್ಲ.