ಸಾಗರದ ಬೀರುವಿನಿಂದ ಬಂದ ಯಾಶಿಕಾ

ಕೊಂಡ ಮೊದಲ ಹಳೇ ಫಿಲ್ಮ್ ಕ್ಯಾಮೆರಾದಲ್ಲಿ ನಾನು ಹದಿನಾಲ್ಕು ಸಾವಿರ ರೂಪಾಯಿ ಕಳೆದುಕೊಂಡೆ. ಆನ್‌ಲೈನಿನಲ್ಲಿ ನೋಡಿ ತರಿಸಿದ್ದು. ಫೋಟೋದಲ್ಲಿ ಫಳಫಳ ಹೊಳೆಯುತ್ತಿತ್ತು, ಕೆಳಗೆ ‘ಫುಲ್ ವರ್ಕಿಂಗ್’ ಅಂತ ಬರೆದಿದ್ದರು. ಮೊದಲ ರೋಲ್ ತೊಳೆಸಿದಾಗ ಫ್ರೇಮುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅಕ್ಕನ ಮಗಳ ಕೆನ್ನೆಯ ಮೇಲೆ ಪಕ್ಕದ ಫ್ರೇಮಿನ ಕೊಟ್ಟಿಗೆ! ಒಳಗೆ ಫಿಲ್ಮ್ ಸುತ್ತುವ ವೈಂಡಿಂಗ್ ಗೇರ್ ಸವೆದಿತ್ತು. ಹುಡುಕಿಕೊಂಡು ಬೆಂಗಳೂರಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಎರಡು ಸಲ ತಿರುಗಿಸಿ ನೋಡಿ ವಾಪಸ್ ಕೊಟ್ಟರು. “ಇದಕ್ಕೆ ಪಾರ್ಟ್ ಸಿಗಲ್ಲ ಸಾರ್. ತಗೊಳ್ಳೋಕ್ ಮುಂಚೆ ಬಂದಿದ್ರೆ ಬೇಡ ಅಂತಿದ್ದೆ.”

ಸರಿ, ಈ ಸಲ ಮುಂಚೆಯೇ ಕೇಳಿಬಿಡೋಣ ಅಂತ ಅಲ್ಲೇ ಕೂತೆ. ದೊಡ್ಡ ಫಿಲ್ಮಿನ ಹಳೇ ಕ್ಯಾಮೆರಾಗಳಲ್ಲಿ ನಿಮ್ಮ ಕೈಲಿ ರಿಪೇರಿ ಆಗೋದು ಯಾವುದು ಅಂದೆ. ಯಾಶಿಕಾ ಮ್ಯಾಟ್, ರೋಲಿಕಾರ್ಡ್, ಮಾಮಿಯಾ ಸಿ ಸೀರೀಸ್ ಅಂದರು. ಎಲ್ಲದರಲ್ಲೂ ಲೆನ್ಸ್ ಒಳಗೇ ಕೂರುವ ಲೀಫ್ ಶಟರ್ (ತೆಳು ಎಸಳುಗಳು ತೆರೆದು ಮುಚ್ಚಿ ಬೆಳಕು ಬಿಡುವ ಬಾಗಿಲು), ಪೂರಾ ಮೆಕ್ಯಾನಿಕಲ್. ಯಾಶಿಕಾದ ಕೆಟ್ಟ ಬಾಡಿಗಳು ಅವರ ಡ್ರಾಯರಿನಲ್ಲೇ ನಾಲ್ಕಿದ್ದವು. ಬ್ರೋನಿಕಾ ಎಸ್‌ಕ್ಯೂ ಮೇಲೆ ನನಗೊಂದು ಕಣ್ಣಿತ್ತು. ಅದರದ್ದು ಎಲೆಕ್ಟ್ರಾನಿಕ್ ಶಟರ್, ಸರ್ಕ್ಯೂಟ್ ಬೋರ್ಡ್ ಹೋದರೆ ತನ್ನ ಕೈಲಾಗಲ್ಲ ಅಂದರು. ನನ್ನ ಪಟ್ಟಿಯ ಅರ್ಧ ಅಲ್ಲೇ ಅಳಿಸಿಹೋಯಿತು.

ಉಳಿದದ್ದನ್ನು ಭಾರ ಅಳಿಸಿತು. ಗೆಳೆಯನ ಮಾಮಿಯಾ ಆರ್‌ಬಿ67 ತಂದು ಒಂದು ದಿನ ಜಾತ್ರೆಯಲ್ಲಿ ಓಡಾಡಿದೆ. ಆರು-ಏಳು ಸೆಂಟಿಮೀಟರಿನ ದೊಡ್ಡ ನೆಗೆಟಿವ್, ಅಡ್ಡ-ಉದ್ದ ಬೇಕೆಂದರೆ ಕ್ಯಾಮೆರಾ ಬಿಟ್ಟು ಫಿಲ್ಮ್ ಕೂರುವ ಹಿಂದಿನ ಬ್ಯಾಕ್ ಅಷ್ಟೇ ತಿರುಗಿಸಿದರೆ ಸಾಕು. ಆದರೆ ಲೆನ್ಸ್ ಸೇರಿ ಎರಡೂವರೆ ಕೆಜಿ ಮೇಲೆ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತು. ಸ್ಟುಡಿಯೋದಲ್ಲಿ ಸ್ಟ್ಯಾಂಡ್ ಮೇಲಿಟ್ಟು ತೆಗೆಯುವವರಿಗೆ ಅದರಂಥದ್ದಿಲ್ಲ. ನನಗೆ ಬೇಕಾಗಿದ್ದು ಹೆಗಲಿಗೆ ಹಾಕಿಕೊಂಡು ತೋಟ ಸುತ್ತುವಂಥದ್ದು. ಹ್ಯಾಸೆಲ್‌ಬ್ಲಾಡ್ ಬೆಲೆ ಕೇಳಿ ಸುಮ್ಮನಾದೆ.

ಯಾಶಿಕಾ ಮ್ಯಾಟ್ 124ಜಿ ಅಂತ ಹೀಗೆ ಗಟ್ಟಿಯಾಯಿತು. 1970ರಲ್ಲಿ ಬಂದ ಮಾಡೆಲ್. ಎರಡು ಕಣ್ಣಿನ ಕ್ಯಾಮೆರಾ. ಮೇಲಿನದು ನೋಡುವುದಕ್ಕೆ, ಕೆಳಗಿನ 80 ಎಂಎಂ ಎಫ್3.5 ಲೆನ್ಸ್ ಫೋಟೋ ತೆಗೆಯುವುದಕ್ಕೆ. 120 (ಒನ್ ಟ್ವೆಂಟಿ) ಅನ್ನುವ ಅಗಲದ ಫಿಲ್ಮ್ ರೋಲಿನಲ್ಲಿ ಹನ್ನೆರಡು ಚೌಕ ಚಿತ್ರ, ಒಂದೊಂದೂ 35 ಎಂಎಂ ಫ್ರೇಮಿನ ಮೂರೂವರೆ ಪಟ್ಟಿಗಿಂತ ದೊಡ್ಡದು. ಕೊಡಕ್ 1901ರಲ್ಲಿ ಶುರು ಮಾಡಿದ ಈ ಫಿಲ್ಮ್ ಇನ್ನೂ ಸಿಗುತ್ತದೆ ಅನ್ನೋದೇ ಸೋಜಿಗ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಆಗ್ಫಾ ಕ್ಲಿಕ್ ಥ್ರೀ ಇದ್ದರೆ ಅದಕ್ಕೂ ಇದೇ ರೋಲ್. ಸುಮ್ನೆ ಹಾಕಿ ನೋಡಿ.

ಈ ಯಾಶಿಕಾ ಸಿಕ್ಕಿದ್ದು ಸಾಗರದಲ್ಲಿ. ಮೂವತ್ತು ವರ್ಷ ಮದುವೆ ಫೋಟೋ ತೆಗೆದು ಸ್ಟುಡಿಯೋ ಮುಚ್ಚಿದ ಯಜಮಾನರೊಬ್ಬರ ಮನೆಯಲ್ಲಿ. ಬೀರು ತೆಗೆದು, ಟವೆಲಿನಲ್ಲಿ ಸುತ್ತಿಟ್ಟಿದ್ದ ಕ್ಯಾಮೆರಾವನ್ನು ಟೀಪಾಯಿ ಮೇಲಿಟ್ಟರು. ನುಸಿಗುಳಿಗೆ ವಾಸನೆ ಗಮ್ಮೆಂದಿತು. ಹದಿನೆಂಟು ಸಾವಿರ ಹೇಳಿದರು.

ಮೆಕ್ಯಾನಿಕ್ ಹೇಳಿಕೊಟ್ಟಿದ್ದು ನೆನಪಿತ್ತು: ಮೊದಲು ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, ರೇಟು ಆಮೇಲೆ ಮಾತಾಡಿ. ಹಳೇ ಶಟರಿನಲ್ಲಿ ಎಣ್ಣೆ ಗಟ್ಟಿಯಾದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ನಿಧಾನದ ಸ್ಪೀಡುಗಳೇ. ಒತ್ತಿದೆ. ಝರ್ರ್... ಅಂತ ಒಂದೇ ಸಮ ಓಡಿ ಟಕ್ ಎಂದು ಮುಚ್ಚಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎರಡು ಸದ್ದಿನ ನಡುವಿನ ಅಂತರ ನೋಡಿದೆ. 1.2 ಸೆಕೆಂಡ್. ಅಷ್ಟು ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಅರ್ಧ, ಕಾಲು, ಎಂಟರಲ್ಲೊಂದು, ಎಲ್ಲವನ್ನೂ ಮೂರು ಮೂರು ಸಲ ಒತ್ತಿದೆ. ಸೆಲ್ಫ್ ಟೈಮರ್ ಮಾತ್ರ ಮುಟ್ಟಲಿಲ್ಲ. ಹಳೇ ಶಟರಿನಲ್ಲಿ ಅದು ಅರ್ಧಕ್ಕೆ ನಿಂತರೆ ಇಡೀ ಕ್ಯಾಮೆರಾ ಕೂತುಬಿಡಬಹುದು.

ಆಮೇಲೆ ಫಂಗಸ್. ನಮ್ಮ ಮಲೆನಾಡಿನ ಮಳೆಗಾಲ ಕಂಡ ಲೆನ್ಸ್ ಅಂದರೆ ಅನುಮಾನ ಪಡಲೇಬೇಕು. ಹಿಂದಿನ ಬಾಗಿಲು ತೆಗೆದು, ಶಟರನ್ನು ‘ಬಿ’ಗೆ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಹಾಗೆ) ಇಟ್ಟು, ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದು, ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟೆ. ನೆಟ್ಟಗೆ ಬಿಟ್ಟರೆ ಏನೂ ಕಾಣಲ್ಲ. ಕೆಳಗಿನ ಲೆನ್ಸಿನಲ್ಲಿ ನಾಲ್ಕು ಚೂರು ಧೂಳು, ಅಷ್ಟೇ. ಮೇಲಿನದರ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ ಇತ್ತು. ಅದು ನೋಡುವ ಲೆನ್ಸ್, ಫೋಟೋಗೆ ತೊಂದರೆಯಿಲ್ಲ. ಚೌಕಾಸಿಗೆ ಮಾತ್ರ ಒಳ್ಳೇದು.

ಹೆಚ್ಚು ಹೊತ್ತು ಹಿಡಿದಿದ್ದು ಫೋಕಸ್. ಎರಡು ಲೆನ್ಸಿನ ಕ್ಯಾಮೆರಾದಲ್ಲಿ ಮೇಲೆ ಚೂಪಾಗಿ ಕಂಡದ್ದು ಕೆಳಗೂ ಚೂಪಾಗಿರಬೇಕಲ್ವಾ? ಅದನ್ನು ನೋಡಲು ಟ್ರೇಸಿಂಗ್ ಪೇಪರ್ ತುಂಡು ಒಯ್ದಿದ್ದೆ. ಫಿಲ್ಮ್ ಕೂರುವ ಜಾಗದಲ್ಲಿ, ಎರಡು ಹಳಿಗಳ ಮೇಲೆ, ಬಿಗಿಯಾಗಿ ಎಳೆದು ಅಂಟಿಸಿದೆ. ಕ್ಯಾಮೆರಾವನ್ನು ಪುಸ್ತಕಗಳ ಮೇಲಿಟ್ಟು ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿದೆ. ಮೇಲಿನ ಭೂತಗನ್ನಡಿಯಲ್ಲಿ ತಾರೀಖಿನ ಅಂಕಿ ಚೂಪು ಮಾಡಿಕೊಂಡು, ಶಟರ್ ತೆರೆದಿಡುವ ಕೇಬಲ್ ರಿಲೀಸ್ ಒತ್ತಿ ಲಾಕ್ ಮಾಡಿ, ಹಿಂದೆ ಬಂದು ತಲೆ ಮೇಲೆ ಟವೆಲ್ ಹೊದ್ದು ನೋಡಿದೆ. ಕ್ಯಾಲೆಂಡರ್ ತಲೆಕೆಳಗಾಗಿ ಕಾಗದದ ಮೇಲೆ ಬಿದ್ದಿತ್ತು. ಅಂಕಿ ಮಂಜುಮಂಜು. ಫೋಕಸ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಚೂಪಾಯಿತು. ಅಂದರೆ ಎರಡು ಲೆನ್ಸಿಗೂ ತಾಳೆಯಿಲ್ಲ. ಮೇಲಿನ ಲೆನ್ಸಿನ ಸ್ಕ್ರೂ ತಲೆಗಳನ್ನು ನೋಡಿದರೆ ಗೀರುಗಳು. ಯಾರೋ ಬಿಚ್ಚಿ ಒರೆಸಿ, ವಾಪಸ್ ಕೂರಿಸುವಾಗ ಹೆಚ್ಚು ಕಡಿಮೆ ಮಾಡಿದ್ದಾರೆ.

ಯಜಮಾನರು ಕಾಫಿ ಹಿಡಿದು ಇದನ್ನೆಲ್ಲ ನೋಡುತ್ತಿದ್ದರು. “ಎತ್ತು ಕೊಳ್ಳೋರು ಹಲ್ಲು ಎಣಿಸಿದ ಹಾಗೆ ಎಣಿಸ್ತೀಯಲ್ಲ ಮಾರಾಯ” ಅಂದರು. ಆಮೇಲೆ ತಾವೇ ಬಂದು ಟವೆಲ್ ಒಳಗೆ ತಲೆ ಹಾಕಿ ನೋಡಿ, “ಹೌದು” ಅಂತ ಒಪ್ಪಿಕೊಂಡರು.

ಬೆಳಕು ಅಳೆಯುವ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ನಾನು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೆ ಬೇಕಾದ 1.35 ವೋಲ್ಟಿನ ಮರ್ಕ್ಯುರಿ ಸೆಲ್ ಈಗ ತಯಾರಾಗುವುದೇ ಇಲ್ಲ. ಬೇರೆ ಸೆಲ್ ಹಾಕಿ ನಡೆಸುವವರಿದ್ದಾರೆ, ನನಗೆ ಮೊಬೈಲ್ ಆ್ಯಪ್ ಸಾಕು. ಮೀಟರಿಗೆ ಅಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಹದಿಮೂರೂವರೆ ಸಾವಿರಕ್ಕೆ ವ್ಯಾಪಾರ ಮುಗಿಯಿತು. ಚಂದದ ಕಂದು ಚರ್ಮದ ಕೇಸ್ ಕೊಡಲು ಬಂದರು, ನಾನೇ ಬೇಡವೆಂದೆ. ತೇವ ಹಿಡಿಯುವ ಚರ್ಮದೊಳಗೆ ಫಂಗಸ್ ಚೆನ್ನಾಗಿ ಬೆಳೆಯುತ್ತದೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ.

ಬೆಂಗಳೂರಿನ ಮೆಕ್ಯಾನಿಕ್ ಮೂರೂವರೆ ಸಾವಿರ ತೆಗೆದುಕೊಂಡು ಲೆನ್ಸ್ ತಾಳೆ ಮಾಡಿ, ಶಟರ್ ಸರ್ವಿಸ್ ಮಾಡಿಕೊಟ್ಟರು. ಬಾಗಿಲಿನ ಸುತ್ತ ಅಂಟಂಟಾಗಿದ್ದ ಫೋಮ್ ಸೀಲನ್ನು ಕೆರೆದು ಹೊಸದು ಹಾಕಿದರು. ಹೊರಡುವಾಗ ಫಿಲ್ಮನ್ನು ಒತ್ತಿ ಹಿಡಿಯುವ ಒಳಗಿನ ಪ್ಲೇಟ್ ತೋರಿಸಿ, “ಇದು 120ಕ್ಕೇ ಇರಬೇಕು ಸಾರ್, 220ಕ್ಕೆ ಜಾರಿಸಿಬಿಟ್ಟೀರಿ” ಅಂತ ಎರಡು ಸಲ ಹೇಳಿದರು. 220 ಅಂದರೆ ಬೇರೆ ಬಗೆಯ ರೋಲ್. ಅಲ್ಲಿಗೆ ಒಟ್ಟು ಹದಿನೇಳು ಸಾವಿರ. ಮೊದಲು ಕಳೆದುಕೊಂಡಿದ್ದನ್ನು ಸೇರಿಸಿ ಲೆಕ್ಕ ಹಾಕಬೇಡಿ, ಮನೆಯಲ್ಲಿ ನಾನೂ ಹಾಕಿಲ್ಲ.

ಮೊದಲ ರೋಲ್ ಇಲ್ಫೋರ್ಡ್ ಎಚ್‌ಪಿ5 ಅನ್ನುವ ಕಪ್ಪು-ಬಿಳುಪು ಫಿಲ್ಮ್. ಹನ್ನೆರಡರಲ್ಲಿ ಹತ್ತು ಸರಿಯಾಗಿ ಬಂದವು. ಅಡಿಕೆ ತೋಟದ ನೆರಳಲ್ಲಿ ಎಫ್3.5ಕ್ಕೆ, ಅಂದರೆ ಕಿಂಡಿ ಪೂರ್ತಿ ತೆರೆದು, ತೆಗೆದ ಚಿತ್ರದಲ್ಲಿ ಮರದ ಮೇಲಿನ ಕಲ್ಲುಹೂವೂ ಎಣಿಸುವಂತಿತ್ತು. ಉಳಿದೆರಡು ನನ್ನದೇ ತಪ್ಪು. ಈ ಕ್ಯಾಮೆರಾದಲ್ಲಿ ಎಡ-ಬಲ ತಿರುಗಿ ಕಾಣುತ್ತದೆ, ಓಡುವ ಕರುವಿನ ಹಿಂದೆ ಹೋಗಲು ನಾನು ಉಲ್ಟಾ ತಿರುಗಿದ್ದೆ. ಅದೇ ರೋಲಿನಲ್ಲಿ ತೆಗೆದ ಯಜಮಾನರ ಫೋಟೋವನ್ನು ಪ್ರಿಂಟ್ ಹಾಕಿಸಿ ಸಾಗರಕ್ಕೆ ಒಯ್ದು ಕೊಟ್ಟೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. “ಬಲಗಡೆ ಜಾಗ ಜಾಸ್ತಿ ಬಿಟ್ಟಿದೀಯ” ಅಂದರು. “ಶುರುವಿನಲ್ಲಿ ನಂದೂ ಹಂಗೇ ಆಗ್ತಿತ್ತು.”