ಶ್ರುತಿ ನಿಲ್ಲದ ಮ್ಯಾಂಡೊಲಿನ್: ಬಿರಡೆ ಬಿಚ್ಚುವ ಮೊದಲು

ಮ್ಯಾಂಡೊಲಿನ್ ಶ್ರುತಿ ನಿಲ್ಲುತ್ತಿಲ್ಲ ಅಂದರೆ ಎಲ್ಲರೂ ಮೊದಲು ಬೈಯುವುದು ತಂತಿ ಬಿಗಿಸುವ ಬಿರಡೆಗೆ. ಉಡುಪಿಯ ನಮ್ಮ ಭಜನಾ ತಂಡದಲ್ಲೂ ಅದೇ ಮಾತು ಬಂತು: "ಕೀ ಸಡಿಲ ಆಗಿದೆ ಮಾರಾಯ್ರೆ, ಹೊಸದು ಹಾಕಿಸಿ." ನನಗೆ ಅನುಮಾನವಿತ್ತು. ಬಿರಡೆಯ ಹಲ್ಲು ಸವೆದಿದ್ದರೆ ತಂತಿ ಯಾವಾಗಲೂ ಕೆಳಗೆ ಇಳಿಯಬೇಕು. ನನ್ನದು ಒಮ್ಮೊಮ್ಮೆ ಮೇಲಕ್ಕೂ ಏರುತ್ತಿತ್ತು.

ಪಕ್ಕದಲ್ಲಿ ಹಾರ್ಮೋನಿಯಂ ಇದ್ದರೆ ತಪ್ಪು ಮುಚ್ಚಿಡಲು ಆಗುವುದಿಲ್ಲ. ಅದರ ಮೇಲೆ ಈ ವಾದ್ಯಕ್ಕೆ ಎಂಟು ತಂತಿ, ಎರಡೆರಡರ ಜೋಡಿ. ದಪ್ಪದಿಂದ ಸಪೂರಕ್ಕೆ ಜಿ, ಡಿ, ಎ, ಇ ಅಂತ ಜೋಡಿಗಳ ಸ್ವರ. ಎ ಜೋಡಿಯಲ್ಲಿ ಒಂದು 440 ಹರ್ಟ್ಜ್, ಇನ್ನೊಂದು 442 ಇದ್ದರೆ ಸೆಕೆಂಡಿಗೆ ಎರಡು ಸಲ ನಾದ ಅಲುಗಾಡುವುದು ಯಾರ ಕಿವಿಗೂ ಗೊತ್ತಾಗುತ್ತದೆ. ಕರ್ನಾಟಕ ಸಂಗೀತದ ಯು. ಶ್ರೀನಿವಾಸ್ ನುಡಿಸುತ್ತಿದ್ದ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಒಂಟಿ ತಂತಿಗಳು. ಅಲ್ಲಿ ಈ ಜೋಡಿಯ ಜಗಳವೇ ಇಲ್ಲ.

ಹಾಗಾಗಿ ಬಿರಡೆ ಮುಟ್ಟದೆ, ಸುಮ್ನೆ ಗಮನಿಸಿದೆ. ತಪ್ಪುವುದು ಒಂದೇ ತಂತಿಯಾ, ಜೋಡಿಯಾ, ಎಂಟೂ ಒಟ್ಟಿಗಾ? ಎಂಟೂ ಒಟ್ಟಿಗೆ ಸರಿದರೆ ಅದು ಹವೆಯ ಕೆಲಸ. ಒಂದೇ ತಂತಿ ಆದರೆ ಅದರ ಬಿರಡೆ, ಸುತ್ತು, ಅಥವಾ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಕುಣಿಕೆ ನೋಡಬೇಕು. ನನ್ನಲ್ಲಿ ತೊಂದರೆ ಕೊಡುತ್ತಿದ್ದದ್ದು ಮುಖ್ಯವಾಗಿ ಜಿ ಮತ್ತು ಡಿ ಜೋಡಿಗಳು. ದಪ್ಪ ತಂತಿಗಳು. ಅಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು.

ಜಿ ತಂತಿಯನ್ನು ನಿಧಾನ ಏರಿಸುತ್ತಾ ಫೋನಿನ ಟ್ಯೂನರ್ ನೋಡಿದೆ. ಬಿರಡೆ ತಿರುಗುತ್ತಿದೆ, ಮುಳ್ಳು ಅಲ್ಲೇ ಇದೆ. ಇನ್ನೂ ಸ್ವಲ್ಪ ತಿರುಗಿಸಿದರೆ 'ಟಿಕ್' ಅಂತ ಸಣ್ಣ ಸದ್ದು, ಮುಳ್ಳು ಒಂದೇ ಸಲ ಜಿ ದಾಟಿ ಮುಂದೆ ಹೋಯಿತು. ತಂತಿ ಕುತ್ತಿಗೆಯ ತುದಿಯ ನಟ್‌ನಲ್ಲಿ, ಅಂದರೆ ತಂತಿಗಳು ಹಾದುಹೋಗುವ ಗೀರುಗಳಿರುವ ಸಣ್ಣ ಪಟ್ಟಿಯಲ್ಲಿ, ಕಚ್ಚಿಕೊಂಡಿದೆ ಅಂತ ಅರ್ಥ. ಖಚಿತ ಮಾಡಿಕೊಳ್ಳಲು ಶ್ರುತಿ ಸರಿ ಮಾಡಿ, ನಟ್ ಮತ್ತು ಬಿರಡೆಯ ನಡುವೆ ತಂತಿಯನ್ನು ಬೆರಳಿನಿಂದ ಒತ್ತಿ ಬಿಟ್ಟೆ. ಶ್ರುತಿ ಮೇಲೇರಿ ಅಲ್ಲೇ ನಿಂತಿತು. ಕಚ್ಚಿಕೊಳ್ಳದ ತಂತಿ ವಾಪಸ್ ಬರುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಮೊದಲು ಇದ್ದದ್ದು ಸಪೂರ ತಂತಿಗಳ ಲೈಟ್ ಸೆಟ್: ಜಿ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 38 ಪಾಲು, ಡಿ 24. ನಾದ ತುಂಬಿ ಬರಲಿ ಅಂತ ಮೀಡಿಯಂ ಸೆಟ್ ಹಾಕಿಸಿದ್ದೆ. ಅದರಲ್ಲಿ 40 ಮತ್ತು 26. ನಟ್‌ನ ಗೀರು ಹಳೆಯ ಅಳತೆಯದ್ದೇ.

ಸರಿಯಾದ ನಟ್ ಫೈಲ್‌ಗೆ ಬೆಲೆ ಜಾಸ್ತಿ. ನಾನು ಹಾರ್ಡ್‌ವೇರ್ ಅಂಗಡಿಯಿಂದ ಗ್ಯಾಸ್ ವೆಲ್ಡಿಂಗ್ ಟಿಪ್ ಕ್ಲೀನರ್ ತಂದೆ. ಸಣ್ಣ ಸಣ್ಣ ಉರುಟು ಅರಗಳ ಕಟ್ಟು ಅದು, ಮಲ್ಪೆ ಕಡೆ ದೋಣಿ ರಿಪೇರಿ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಗೀರಿನ ಪಕ್ಕಗಳನ್ನು ಮಾತ್ರ ಸವರಬೇಕು, ತಳ ಮುಟ್ಟಬಾರದು. ತಳ ಆಳವಾದರೆ ತಂತಿ ಮೊದಲನೇ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಗೆ) ತಾಗಿ ಗರಗರ ಅನ್ನುತ್ತದೆ, ಆಮೇಲೆ ಹೊಸ ನಟ್ಟೇ ಗತಿ. ಅರವನ್ನು ಬಿರಡೆಯ ಕಡೆಗೆ ಸ್ವಲ್ಪ ಇಳಿಜಾರಾಗಿ ಹಿಡಿದೆ. ಒಂದೆರಡು ಎಳೆತ, ತಂತಿ ಕೂರಿಸಿ ನೋಡುವುದು, ಮತ್ತೆ ಒಂದೆರಡು. ಕೊನೆಗೆ 6ಬಿ ಪೆನ್ಸಿಲ್‌ನ ಪುಡಿ ಗೀರಿಗೆ ತಿಕ್ಕಿದೆ. ಟಿಕ್ ಸದ್ದು ನಿಂತಿತು. ಈ ಪೆನ್ಸಿಲ್ ಉಪಾಯವನ್ನು ಎಲ್ಲರೂ ಮೊದಲು ಮಾಡಿ ನೋಡಿ, ಖರ್ಚೇ ಇಲ್ಲ. ಗೀರು ತೀರಾ ಬಿಗಿ ಇಲ್ಲದಿದ್ದರೆ ಅಷ್ಟೇ ಸಾಕಾಗುತ್ತದೆ.

ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬರಬೇಕು. ಮೇಲಿಂದ ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲಿನ ಸಡಿಲ ಹಾಗೇ ಉಳಿಯುತ್ತದೆ, ನಾಲ್ಕು ಮೀಟುವಷ್ಟರಲ್ಲಿ ತಂತಿ ಜಾರುತ್ತದೆ. ಹೊಸ ತಂತಿ ಹಾಕಿದ ದಿನವೇ ಕಾರ್ಯಕ್ರಮಕ್ಕೆ ಹೋಗಬೇಡಿ. ಎಳೆದು, ಶ್ರುತಿ ಮಾಡಿ, ಮತ್ತೆ ಎಳೆದು ಪಳಗಿಸಬೇಕು.

ಇನ್ನು ಕುದುರೆ, ಅಂದರೆ ತಂತಿಗಳನ್ನು ಮೇಲಿನ ಹಲಗೆಯಿಂದ ಎತ್ತಿ ಹಿಡಿಯುವ ಬ್ರಿಜ್. ಮ್ಯಾಂಡೊಲಿನ್‌ನ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ಅದಕ್ಕೇ ತಂತಿಗಳನ್ನು ಒಂದೊಂದಾಗಿ ಬದಲಿಸಬೇಕು. ತಂತಿ ಬಿಗಿಸುತ್ತಾ ಹೋದಂತೆ ಕುದುರೆಯ ತಲೆ ನಟ್ ಕಡೆಗೆ ವಾಲುತ್ತದೆ, ಆಗಾಗ ನೆಟ್ಟಗೆ ಮಾಡಬೇಕು. ಬೆರಳಿಡದೆ ಮೀಟುವ ಬಿಟ್ಟ ತಂತಿ ಸರಿ ಇದ್ದು 12ನೇ ಫ್ರೆಟ್‌ನಲ್ಲಿ ಒತ್ತಿದರೆ ಶ್ರುತಿ ಏರುತ್ತಿದೆಯಾ? ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ, ಕೊಕ್ಕೆಯ ಕಡೆಗೆ ಸರಿಸಿ. ಇಳಿಯುತ್ತಿದ್ದರೆ ಮುಂದಕ್ಕೆ.

ನಮ್ಮ ಮಳೆಗಾಲಕ್ಕೆ ಮಾತ್ರ ಪೂರ್ತಿ ಮದ್ದು ಇಲ್ಲ. ಮರ ತೇವ ಕುಡಿದು ಮೇಲಿನ ಹಲಗೆ ಉಬ್ಬುತ್ತದೆ, ಎಂಟೂ ತಂತಿ ಏರುತ್ತವೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ, ನುಡಿಸುವ ಜಾಗಕ್ಕೆ ಸ್ವಲ್ಪ ಮೊದಲೇ ಹೋಗಿ ಪೆಟ್ಟಿಗೆ ತೆರೆದಿಡುತ್ತೇನೆ. ಕಡಲ ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿಯ ಜೋಡಿ ಬಿಟ್ಟ ಸ್ವರದಲ್ಲಿ ಕೂಡಿದರೂ ಮೇಲಿನ ಫ್ರೆಟ್‌ಗಳಲ್ಲಿ ಕೂಡುವುದಿಲ್ಲ, ಬದಲಿಸಲೇಬೇಕು.

ಬಿರಡೆಯದ್ದೂ ಒಂದು ಸಣ್ಣ ಪಾಲು ಇತ್ತು. ಒಂದು ಎ ತಂತಿಯ ಹಲ್ಲುಚಕ್ರದ ಸ್ಕ್ರೂ ಸಡಿಲವಾಗಿತ್ತು, ಕನ್ನಡಕ ರಿಪೇರಿಯ ಸ್ಕ್ರೂಡ್ರೈವರ್‌ನಲ್ಲಿ ಬಿಗಿಮಾಡಿದೆ. ನಿಮ್ಮದು ನಿಜಕ್ಕೂ ಸವೆದಿದ್ದರೆ, ಹೊಸದು ತರುವ ಮೊದಲು ಹಳೆಯದರ ಕಂಬಗಳ ನಡುವಿನ ಅಂತರ ಅಳೆದುಕೊಳ್ಳಿ. ಸಾಮಾನ್ಯವಾಗಿ ನಾಲ್ಕು ಬಿರಡೆ ಒಂದೇ ಪಟ್ಟಿಯಲ್ಲಿ ಬರುತ್ತವೆ. ಅಂತರ ಸ್ವಲ್ಪ ಹೆಚ್ಚುಕಡಿಮೆ ಆದರೂ ತೂತಿಗೆ ಕೂರುವುದಿಲ್ಲ.