ಐಸ್ ಪ್ಲಾಂಟ್ ಜನರೇಟರಿನ ಕಾಣದ ಸೋರಿಕೆ: ನನ್ನ ಅನುಭವ

ಜನರೇಟರ್ ಇಂಜಿನನ್ನು ತಂಪಾಗಿಡುವ ನೀರಿನ ತೊಟ್ಟಿ, ಅಂದರೆ ಹೆಡರ್ ಟ್ಯಾಂಕಿನಲ್ಲಿ ನೀರು ಇಳಿಯುತ್ತಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಕಾರವಾರದ ಬೈತಖೋಲ ಬಂದರಿನ ಹತ್ತಿರದ ಐಸ್ ಪ್ಲಾಂಟಿನವರು ನನ್ನನ್ನು ಕರೆಯುವ ಹೊತ್ತಿಗೆ ಹೆಡ್ ಗ್ಯಾಸ್ಕೆಟ್, ಲೈನರ್ ಕಿಟ್, ಕೂಲಿ ಎಂದು ಎಪ್ಪತ್ತು-ಎಂಬತ್ತು ಸಾವಿರ ಸುರಿದಾಗಿತ್ತು. ನಡುವೆ ಯಾರೋ ಸೋರಿಕೆ ಮುಚ್ಚಲೆಂದು ನೀರಿಗೆ ಅರಿಶಿನ ಪುಡಿಯನ್ನೂ ಹಾಕಿದ್ದರು. ಅದು ಥರ್ಮೋಸ್ಟಾಟ್ ಬಳಿ ಕೆಸರಾಗಿ ಕೂತು ಇಂಜಿನ್ ಮತ್ತಷ್ಟು ಕಾಯತೊಡಗಿತ್ತು.

ನನಗೆ ಮೊದಲಿನಿಂದಲೂ ಹೀಟ್ ಎಕ್ಸ್‌ಚೇಂಜರ್ ಮೇಲೇ ಅನುಮಾನ. ಅದರ ಟ್ಯೂಬುಗಳೊಳಗೆ ಬಾವಿ ನೀರು ಹರಿದು, ಹೊರಗಿನ ಶೆಲ್ಲಿನಲ್ಲಿರುವ ಇಂಜಿನ್ ನೀರನ್ನು (ಕೂಲಂಟ್) ತಂಪು ಮಾಡುತ್ತದೆ. ಇಂಜಿನ್ ಎಣ್ಣೆ ನಿಲ್ಲುವ ಸಂಪಿನ ಬೋಲ್ಟ್ ಸಡಿಲಿಸಿದಾಗ ಮೊದಲು ಬಂದದ್ದು ಎಣ್ಣೆಯೇ, ನೀರಲ್ಲ. ಬಿಸಿ ತಗಡಿನ ಮೇಲೆ ಆ ಎಣ್ಣೆಯ ಒಂದು ಹನಿ ಬಿಟ್ಟೆ, ಚಟಪಟ ಇಲ್ಲ. ಅಂದರೆ ನೀರು ಎಣ್ಣೆಗೆ ಸೇರುತ್ತಿಲ್ಲ. ಸೆಟ್ ಓಡುವಾಗ ಟ್ಯಾಂಕಿನ ನೀರು ಮೇಲೇರುತ್ತಿತ್ತು, ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಇಳಿದಿರುತ್ತಿತ್ತು. ಓಡುವಾಗ ಬಾವಿ ನೀರಿನ ಪಂಪಿನ ಒತ್ತಡ ಜಾಸ್ತಿ, ನಿಂತ ಮೇಲೆ ಕೂಲಂಟಿನದ್ದು. ಹಾಗಾಗಿ ತೂತು ಇವೆರಡರ ನಡುವೆಯೇ ಇರಬೇಕು ಎಂದೆ. "ಕಾದ್ರೆ ಎಲ್ಲಾ ನೀರೂ ಉಕ್ಕತ್ತೆ ಮಾರಾಯ" ಎಂದು ಹಿಂದಿನ ಫಿಟ್ಟರ್ ನಕ್ಕರು.

ಇಂಜಿನ್ ಸುತ್ತ ನೀರು ಹರಿಯುವ ಜಾಕೆಟ್ ಚೆನ್ನಾಗಿ ತೊಳೆದು ಡಿಸ್ಟಿಲ್ಡ್ ವಾಟರ್ ತುಂಬಿಸಿ ಒಂದು ತಾಸು ಲೋಡಿನಲ್ಲಿ ಓಡಿಸಿದೆ. ತುಂಬಿದ ಕೂಡಲೇ ತೆಗೆದ ನೀರು ಒಂದು ಗ್ಲಾಸು, ಓಡಿದ ಮೇಲಿನದು ಇನ್ನೊಂದು. ಎರಡಕ್ಕೂ ಸಿಲ್ವರ್ ನೈಟ್ರೇಟ್ ಹನಿ, ನೀರಲ್ಲಿ ಉಪ್ಪಿದ್ದರೆ ಅದು ಬೆಳ್ಳಗಾಗಿಸುತ್ತದೆ. ಮೊದಲನೆಯದು ತುಸು ಮಬ್ಬಾಯಿತು, ಎರಡನೆಯದು ಒಡೆದ ಹಾಲಿನಂತಾಯಿತು. ಮೇ ತಿಂಗಳಲ್ಲಿ ನಮ್ಮ ಕಡಲ ಬದಿಯ ಬಾವಿಗಳು ಉಪ್ಪಾಗುವುದು ಗೊತ್ತೇ ಇದೆ, ಆ ನೀರೇ ಜಾಕೆಟ್ಟಿಗೆ ಸೇರಿತ್ತು. ಫಿಟ್ಟರ್ ಮತ್ತೆ ಮಾತಾಡಲಿಲ್ಲ.

ಎಕ್ಸ್‌ಚೇಂಜರ್ ಬಿಚ್ಚಿದ್ದು ಜೂನ್‌ನಲ್ಲಿ, ಮೀನುಗಾರಿಕೆ ನಿಷೇಧ ಶುರುವಾದ ಮೇಲೆ. ಎರಡೂ ಕವರ್ ತೆಗೆದು, ಶೆಲ್ಲಿಗೆ ನೀರು ತುಂಬಿ, ಹ್ಯಾಂಡ್ ಪಂಪಿನಲ್ಲಿ ಸುಮಾರು ಒಂದೂವರೆ ಕೆಜಿ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟೆ. ಮಳೆಗಾಲದಲ್ಲಿ ಟ್ಯೂಬೆಲ್ಲ ಬೆವರುತ್ತವೆ, ಬೆವರು ಯಾವುದು ಸೋರಿಕೆ ಯಾವುದು ತಿಳಿಯುವುದೇ ಕಷ್ಟ.  ನಾನು ಟ್ಯೂಬಿನ ತುದಿಗೆ ಒಂದು ಪುಡಿ ಹಚ್ಚುತ್ತೇನೆ, ಬೆವರಿಗೆ ಅದರ ಬಣ್ಣ ಬದಲಾಗದು. ಯಾವ ಪುಡಿ ಎಂಬುದು ನನ್ನ ಹತ್ತಿರವೇ ಇರಲಿ.

ಮೂರು ಟ್ಯೂಬು ಸಿಕ್ಕವು. ಒಂದನ್ನು ಎಳೆದು ಸೀಳಿದೆ. ಹಳದಿ ಹಿತ್ತಾಳೆಯಲ್ಲಿ ಕೆಂಪು ಮಚ್ಚೆಗಳು, ಸತು ಕರಗಿ ಬರೀ ತಾಮ್ರ ಉಳಿದ ಜಾಗ. ಒಂದು ಮಚ್ಚೆಯ ನಡುವೆ ಸೂಜಿಮೊನೆ ಹೋಗುವಷ್ಟು ತೂತು. ಲೇತಿನಲ್ಲಿ ಹಿತ್ತಾಳೆ ಪ್ಲಗ್ ಮಾಡಿಸಿ ಎರಡೂ ಕಡೆ ಹೊಡೆದೆ. ಗೋವಾದಲ್ಲಿ ಹೊಸ ಎಕ್ಸ್‌ಚೇಂಜರಿಗೆ ಲಕ್ಷದ ಮೇಲೆ ಹೇಳಿದ್ದರು, ನನ್ನ ಬಿಲ್ಲು ಒಂಬತ್ತು ಸಾವಿರದೊಳಗೇ ಮುಗಿಯಿತು. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಟ್ಯೂಬು ಮುಚ್ಚುವಂತಾದರೆ ಮಾತ್ರ ಕುಪ್ರೋನಿಕೆಲ್ (ತಾಮ್ರ-ನಿಕ್ಕಲ್ ಮಿಶ್ರಲೋಹ) ಟ್ಯೂಬನ್ನೇ ಹಾಕಿಸಿ.

ಟ್ಯೂಬಿನ ಬದಲು ತಾನೇ ಸವೆಯಲೆಂದು ಎಕ್ಸ್‌ಚೇಂಜರಿಗೆ ಹಾಕುವ ಸತುವಿನ ಕಡ್ಡಿ, ಅಂದರೆ ಜಿಂಕ್ ಪೆನ್ಸಿಲ್, ಅರ್ಧ ಸವೆದ ಕೂಡಲೇ ಬದಲಿಸಿ, ದೊಡ್ಡ ಖರ್ಚಿನ ಮಾತಲ್ಲ. ಅದರ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಲೋಹಕ್ಕೆ ಲೋಹ ತಾಗದಿದ್ದರೆ ಜಿಂಕ್ ಹಾಗೇ ಉಳಿದು ಟ್ಯೂಬು ಸವೆಯುತ್ತದೆ.